ದೋಣಿಯೋ, ನೀರುಹಕ್ಕಿಯೋ?

(ಹಿರಿಯೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಭಾಷಣದ ಲೇಖನ ರೂಪ)

ಹಿರಿಯೂರಿನವರ ಮುಂದೆ ನಿಂತು ನೀರಿನ ವಿಷಯ ಮಾತನಾಡಲು ಸ್ವಲ್ಪ ಧೈರ್ಯ ಬೇಕು. ಮಾರಿಕಣಿವೆಯಲ್ಲಿ ಈ ಹೊತ್ತು ನೀರು ಎಷ್ಟು ಅಡಿ ಇದೆ ಎಂದು ಇಲ್ಲಿ ಚಹಾದಂಗಡಿಯಲ್ಲಿ ಕೇಳಿದರೂ ಸರಿಯಾದ ಉತ್ತರ ಸಿಗುತ್ತದೆ. ನಾನಾದರೆ ಪತ್ರಿಕೆ ನೋಡಬೇಕು. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೊಮ್ಮೆ ಕೋಡಿ ಬೀಳಲು 89 ವರ್ಷ ಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ನೀರು ಕೋಡಿಯ ಮೇಲೆ ಹರಿದಾಗ ಅದನ್ನು ನೋಡಲು ನೆರೆದ ಜನರಲ್ಲಿ 1933ರದನ್ನೂ ಕಣ್ಣಾರೆ ಕಂಡವರು ಎಷ್ಟು ಮಂದಿ ಇದ್ದಾರು! 2025ರ ಜನವರಿಯಲ್ಲಿ ಇನ್ನೊಂದು ಸಲ ತುಂಬಿತು.

2022ರ ಆ ದಿನ ಕೋಡಿಯ ಬಳಿ ನಾಲ್ಕು ಮಂದಿ ವಿದ್ವಾಂಸರು ನಿಂತಿದ್ದರು ಎಂದು ಭಾವಿಸೋಣ. ಒಬ್ಬರು ಧರ್ಮ ಮತ್ತು ಆಚರಣೆಗಳ ಅಧ್ಯಯನ ಮಾಡಿದವರು. ತುಂಬಿದ ನೀರಿಗೆ ಬಾಗಿನ ಕೊಡುವುದು ಏಕೆ, ಈ ಕಣಿವೆಗೆ ಮಾರಮ್ಮನ ಹೆಸರು ಏಕೆ ಅಂಟಿತು ಎಂದು ಅವರು ಕೇಳುತ್ತಾರೆ. ಇನ್ನೊಬ್ಬರು ರಾಜ್ಯಶಾಸ್ತ್ರದವರು. ಈ ನೀರು ಯಾರದು, ಭದ್ರೆಯಿಂದ ಎತ್ತಿ ತಂದ ನೀರಿನಲ್ಲಿ ಯಾವ ತಾಲ್ಲೂಕಿಗೆ ಎಷ್ಟು ಪಾಲು, ಹಿನ್ನೀರು ನುಗ್ಗಿದ ಹೊಸದುರ್ಗದ ಕಡೆಯ ತೋಟಗಳ ನಷ್ಟ ಯಾರ ಲೆಕ್ಕಕ್ಕೆ ಎಂಬುದು ಅವರ ಪ್ರಶ್ನೆ. ಮೂರನೆಯವರು ಜೀವವಿಜ್ಞಾನಿ, ಅವರ ಕಣ್ಣು ಕೋಡಿಯ ಮೇಲಿಲ್ಲ, ಹಿನ್ನೀರಿನ ಅಂಚಿನಲ್ಲಿ ಮೊಣಕಾಲುದ್ದ ನೀರು ನಿಂತಿರುವ ಕಡೆ ಇದೆ. ನಾಲ್ಕನೆಯವರು ತತ್ತ್ವಶಾಸ್ತ್ರದವರು. ಅವರ ಪ್ರಶ್ನೆ ಎಲ್ಲಕ್ಕಿಂತ ಸರಳ, ಆದ್ದರಿಂದಲೇ ಎಲ್ಲಕ್ಕಿಂತ ಕಷ್ಟ: ನಾವು ನೋಡುತ್ತಿರುವ ಈ ವಸ್ತು ಏನು?

ನಾಲ್ವರೂ ಮನೆಗೆ ಹೋಗಿ ನಾಲ್ಕು ಪ್ರಬಂಧ ಬರೆಯುತ್ತಾರೆ. ನಾಲ್ಕೂ ಬೇರೆ ಬೇರೆ ಸಂಶೋಧನ ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದಿಲ್ಲ. ವಿಶ್ವವಿದ್ಯಾಲಯಗಳು ಇರುವುದೇ ಹಾಗೆ ಎಂದು ಸುಮ್ಮನಾಗಬಹುದಿತ್ತು. ಆದರೆ ನಮ್ಮ ನಾಡಿನ ಕೆರೆಗಳ ವಿಷಯದಲ್ಲಿ ಹಾಗೆ ಹಂಚಿಕೊಂಡು ಓದಿದರೆ ಕೆರೆಯೇ ಕೈತಪ್ಪಿ ಹೋಗುತ್ತದೆ ಎಂಬುದು ನನ್ನ ವಾದ. ಕೈತಪ್ಪುವುದು ಎಂದರೆ ಮಾತಿನ ಅಲಂಕಾರವಲ್ಲ. ಕಾನೂನಿನ ಪುಸ್ತಕದಲ್ಲಿ ನಿಜವಾಗಿಯೂ ಕೈತಪ್ಪಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಇಲ್ಲಿಂದ 40 ಕಿಲೋಮೀಟರ್ ಆಚೆ, ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗೋಣ. ನಿಮ್ಮಲ್ಲಿ ಬಹಳ ಜನ ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಿ, ಅಂಕಲಿ ಮಠದ ಗವಿಯಲ್ಲಿ ಕತ್ತಲೆಗೆ ಹೆದರಿ ಕೂಗಿದವರೇ. ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಪ್ರಾಕೃತ ಭಾಷೆಯ ಒಂದು ಪುಟ್ಟ ಶಾಸನವಿದೆ. ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ಅದನ್ನು ಓದಿ ಪ್ರಕಟಿಸಿದರು. ಕದಂಬ ವಂಶದ ಮಯೂರಶರ್ಮನದು, ಕಾಲ ಕ್ರಿ.ಶ. ನಾಲ್ಕನೆಯ ಶತಮಾನ. ತ್ರೈಕೂಟಕರು, ಆಭೀರರು, ಪಲ್ಲವರು, ಪುನ್ನಾಟದವರು ಎಂದು ಅವನು ಎದುರಿಸಿದ ಅರಸು ಮನೆತನಗಳ ಪಟ್ಟಿ ಅದರಲ್ಲಿದೆ ಎಂಬುದು ಕೃಷ್ಣ ಅವರ ಓದು. ಆ ಹೆಸರುಗಳ ಬಗ್ಗೆ ಆಮೇಲಿನ ವಿದ್ವಾಂಸರು ಸಾಕಷ್ಟು ಜಗಳವಾಡಿದ್ದಾರೆ, ಬಂಡೆ ಸವೆದಿರುವುದರಿಂದ ಇನ್ನೂ ಆಡುತ್ತಾರೆ. ಈ ಜಗಳದಲ್ಲಿ ನಾವು ಮರೆಯುವ ಸಣ್ಣ ಸಂಗತಿಯೊಂದಿದೆ. ಆ ಶಾಸನ ಹುಟ್ಟಿದ್ದು ಯುದ್ಧಕ್ಕಾಗಿ ಅಲ್ಲ, ಒಂದು ತಟಾಕಕ್ಕಾಗಿ. ಮಯೂರಶರ್ಮ ಕೆರೆ ಮಾಡಿಸಿದ. ಮಾಡಿಸಿದವನು ಯಾರು ಎಂದು ಹೇಳುವಾಗ ಅವನ ಶತ್ರುಗಳ ಹೆಸರು ಬಂತು. ನಮ್ಮ ಜಿಲ್ಲೆಯ ಹಳೆಯ ಬರಹಗಳಲ್ಲಿ ಒಂದಾದ ಇದರಲ್ಲಿ ದೇವಸ್ಥಾನದ ಪರಿಸರ, ರಾಜಕೀಯ, ನೀರು ಮೂರೂ ಒಂದೇ ಬಂಡೆಯ ಮೇಲೆ ಕೂತಿವೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬ ಇನ್ನೂ ಸ್ವಾರಸ್ಯದ್ದು. ಕುಬ್ಜನೆಂಬ ಕವಿ ರಚಿಸಿದ ಆ ಸಂಸ್ಕೃತ ಶಾಸನವನ್ನು ನಾವು ಪಠ್ಯಪುಸ್ತಕದಲ್ಲಿ ಓದುವುದು ಮಯೂರಶರ್ಮನ ಕಥೆಗಾಗಿ. ಅವನು ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು. ವಿದ್ಯೆಗೂ ಅಧಿಕಾರಕ್ಕೂ ಏನು ಸಂಬಂಧ, ಕ್ಷತ್ರಿಯರ ಮುಂದೆ ಬ್ರಾಹ್ಮಣ ಹೀಗೆ ದುರ್ಬಲನಾಗಿರಬೇಕೆ ಎಂಬ ಪ್ರಶ್ನೆ ಅದರಲ್ಲಿದೆ; ಬೇಕಾದರೆ ಅದನ್ನು ಕನ್ನಡ ನಾಡಿನ ರಾಜ್ಯಚಿಂತನೆಯ ಮೊದಲ ಪುಟಗಳಲ್ಲಿ ಒಂದೆಂದು ಕರೆಯಬಹುದು. ಆದರೆ ಇಷ್ಟೆಲ್ಲ ಹೇಳಿದ ಮೇಲೆ ಕೊನೆಗೆ ಕವಿ ಮುಟ್ಟುವುದು ಎಲ್ಲಿಗೆ? ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಹತ್ತಿರ ಒಂದು ಕೆರೆ ಮಾಡಿಸಿದ ಎಂಬಲ್ಲಿಗೆ. ಅಷ್ಟು ದೊಡ್ಡ ಕಥೆಯೆಲ್ಲ ಒಂದು ಕೆರೆಯ ಪೀಠಿಕೆ! ನಾವು ಪೀಠಿಕೆಯನ್ನು ಇಟ್ಟುಕೊಂಡು ಕೆರೆಯನ್ನು ಬಿಟ್ಟೆವು.

ಮುಂದಿನ ಸಾವಿರ ವರ್ಷಗಳ ಶಾಸನಗಳಲ್ಲಿ ಈ ಬೆಸುಗೆ ಇನ್ನೂ ಗಟ್ಟಿಯಾಗುತ್ತದೆ. ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದು ಎಂದರು. ಹೊಟ್ಟೆಯಲ್ಲಿ ಹುಟ್ಟಿದ ಮಗನಂತೆಯೇ ಕೆರೆಯೂ ವಂಶದ ಹೆಸರು ಉಳಿಸುತ್ತದೆ ಎಂಬ ನಂಬಿಕೆ. ಇದು ಧರ್ಮ. ಕೆರೆ ಕಟ್ಟಿದವನಿಗೆ ಅದರ ಕೆಳಗಿನ ಭೂಮಿಯಲ್ಲಿ ದಸವಂದದ ಪಾಲು, ಏರಿಯ ದುರಸ್ತಿಗೆಂದು ಬಿತ್ತುವಟ್ಟ, ಕಟ್ಟುಗೊಡಗೆ. ಇದು ಹಣಕಾಸು. ಹೂಳು ಸಾಗಿಸಲು ಕೆರೆಯ ಬಂಡಿ, ಅದರ ಎತ್ತಿಗೆ ಮೇವು. ಇದು ನಿರ್ವಹಣೆ. ಕೊನೆಗೆ, ಇದನ್ನು ಅಳಿಪಿದವನು ವಾರಾಣಸಿಯಲ್ಲಿ ಸಾವಿರ ಕಪಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಶಾಪ. ಪೊಲೀಸ್ ಠಾಣೆ ಇಲ್ಲದ ಕಾಲದಲ್ಲಿ ಅದು ದಂಡಸಂಹಿತೆ. ಇವುಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಓದಿದರೆ, ಹಬ್ಬದ ಊಟದಲ್ಲಿ ಉಪ್ಪಿನಕಾಯಿ ಮಾತ್ರ ನೆಕ್ಕಿ ಎದ್ದು ಬಂದಂತೆ.

ಇಷ್ಟು ಕೇಳಿದ ಮೇಲೆ ಹಳೆಯ ಕಾಲವನ್ನು ಹೊಗಳಿ ಕೂರುವ ಆಸೆ ಬರುತ್ತದೆ. ಅದಕ್ಕೆ ತಡೆ ಹಾಕಿದವರು ನಮ್ಮ ಶರಣರೇ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಕೆರೆ ತೋಡಿಸುತ್ತಿದ್ದ. ಅಲ್ಲಿಗೆ ಬಂದ ಅಲ್ಲಮಪ್ರಭು, ನಿಮ್ಮ ಒಡ್ಡ ಎಲ್ಲಿ ಎಂದು ಕೆಲಸಗಾರರನ್ನು ಕೇಳಿದ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಗುರುವನ್ನು ಹೀಗೆ ಕರೆದದ್ದಕ್ಕೆ ಕೆಲಸಗಾರರು ಕಲ್ಲು ಬೀರಿದರು. ಆಮೇಲೆ ನಡೆದ ವಾದದ ತಿರುಳು ಇದು: ಪ್ರಾಣಿಗಳಿಗೆ ನೀರು ಕೊಡುವ ಕೆಲಸವೇ ಪೂಜೆ ಎನ್ನುವುದು ಸಿದ್ಧರಾಮನ ನಿಲುವು, ನಾನು ಮಾಡಿಸಿದೆ ಎಂಬುದು ಮನಸ್ಸಿನಲ್ಲಿ ಇರುವ ತನಕ ಅದೂ ಒಂದು ಕಟ್ಟು ಎನ್ನುವುದು ಅಲ್ಲಮನ ನಿಲುವು. ಕರ್ಮ ದೊಡ್ಡದೋ ಜ್ಞಾನ ದೊಡ್ಡದೋ ಎಂಬ ಭಾರತೀಯ ತತ್ತ್ವಶಾಸ್ತ್ರದ ಹಳೆಯ ತಕರಾರು ಇಲ್ಲಿ ಮಠದ ಜಗುಲಿಯಲ್ಲಿ ನಡೆಯಲಿಲ್ಲ. ಮಣ್ಣು ಹೊರುವವರ ನಡುವೆ, ಕೆರೆಯ ಗುಂಡಿಯ ದಡದಲ್ಲಿ ನಡೆಯಿತು.

ಅಲ್ಲಮ ಬೈಗುಳದಂತೆ ಬಳಸಿದ ಆ ಹೆಸರಿನ ಕಸುಬಿನವರು, ಕಲ್ಲು ಒಡೆದು ಮಣ್ಣು ಹೊತ್ತು ಏರಿ ಕಟ್ಟಿದ ಭೋವಿ ಜನ, ಸಿದ್ಧರಾಮನನ್ನು ತಮ್ಮ ಗುರು ಎಂದು ಉಳಿಸಿಕೊಂಡಿದ್ದಾರೆ. ಅವರ ಗುರುಪೀಠ ಇರುವುದು ಚಿತ್ರದುರ್ಗದಲ್ಲಿ. ಶಾಸನಗಳಲ್ಲಿ ಕಟ್ಟಿಸಿದವನ ಹೆಸರು ಇರುತ್ತದೆ, ಕಟ್ಟಿದವನ ಹೆಸರು ಅಪರೂಪ. ಆ ಇನ್ನೊಂದು ಕಡೆಯ ಮಾತು ಕೇಳಬೇಕಾದರೆ ಜನಪದ ಹಾಡಿಗೆ ಹೋಗಬೇಕು. 'ಕೆರೆಗೆ ಹಾರ'ದ ಭಾಗೀರಥಿ ನಿಮಗೆಲ್ಲ ಗೊತ್ತು. ಮಾವ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಮನೆಯ ಸೊಸೆಯರಲ್ಲಿ ಯಾರನ್ನು ಕೊಡುವುದು ಎಂದು ಲೆಕ್ಕ ಹಾಕಿದರು, ಕಿರಿಯವಳು ಹೋದಳು. ಸಾರ್ವಜನಿಕ ಹಿತ ಎಂಬ ಮಾತು ಬಂದಾಗ ಅದರ ಬೆಲೆಯನ್ನು ಯಾರ ಮೇಲೆ ಹಾಕುತ್ತಾರೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಕೇಳಿದ ರಾಜ್ಯಶಾಸ್ತ್ರದ ಗ್ರಂಥ ನನಗೆ ಗೊತ್ತಿಲ್ಲ. ಕರ್ನಾಟಕದ ಕೆರೆ ನೀರಾವರಿ ಕುರಿತು 2003ರಲ್ಲಿ ಪುಸ್ತಕ ಪ್ರಕಟಿಸಿದ ಈಶಾ ಶಾ ಇಂಥ ಹಾಡುಗಳನ್ನು ಇತಿಹಾಸದ ಸಾಕ್ಷ್ಯವೆಂದೇ ತೆಗೆದುಕೊಂಡರು. ಕೆರೆಗಳನ್ನೆಲ್ಲ ಊರೊಟ್ಟಿನ ಸಾಮರಸ್ಯದ ಫಲ ಎಂದು ಹಾಡಿ ಹೊಗಳುವವರಿಗೆ ಅವರ ಬರಹ ಒಂದು ಚುರುಕು ಮುಟ್ಟಿಸಿತು.

ಹಾಗೆಯೇ ಪುರಾತತ್ತ್ವಜ್ಞೆ ಕ್ಯಾಥ್ಲೀನ್ ಮಾರಿಸನ್. ವಿಜಯನಗರದ ಸುತ್ತಿನ ಕೆರೆಗಳನ್ನು ವರ್ಷಗಟ್ಟಲೆ ಅಳೆದು, 2009ರಲ್ಲಿ ದರೋಜಿ ಕಣಿವೆಯ ಬಗ್ಗೆ ಪುಸ್ತಕ ಬರೆದರು. ಅವರು ಶಾಸನವನ್ನೂ ಓದುತ್ತಾರೆ, ಹೂಳನ್ನೂ ಓದುತ್ತಾರೆ. ಕೆರೆಯ ತಳದಲ್ಲಿ ಪದರ ಪದರವಾಗಿ ಕೂತ ಮಣ್ಣಿನಲ್ಲಿ ಆಯಾ ಕಾಲದ ಗಿಡಮರಗಳ ಪರಾಗ ಸಿಕ್ಕಿಕೊಂಡಿರುತ್ತದೆ. ಬೆಂಕಿ ಬಿದ್ದಿದ್ದರೆ ಇದ್ದಿಲ ಚೂರು ಇರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅದನ್ನು ನೋಡಿದರೆ ಸುತ್ತಿನ ಕಾಡು ಯಾವಾಗ ಹೋಯಿತು, ಹೊಲ ಯಾವಾಗ ಬಂತು ಎಂಬುದು ತಿಳಿಯುತ್ತದೆ. ಅರಸರು, ಅಮಾತ್ಯರು ಪುಣ್ಯಕ್ಕೂ ಹೆಸರಿಗೂ ಕಟ್ಟಿಸಿದ ಕೆರೆಗಳಲ್ಲಿ ಎಷ್ಟೋ ಬೇಗನೆ ಹೂಳು ತುಂಬಿ ಕೆಲಸಕ್ಕೆ ಬಾರದಾದವು ಎಂಬುದನ್ನು ಅವರು ತೋರಿಸಿದರು. ಶಾಸನವೊಂದನ್ನೇ ಓದಿದ್ದರೆ ಕೆರೆ ಆಚಂದ್ರಾರ್ಕವಾಗಿ ನಿಂತಿತು ಎಂದೇ ನಾವು ನಂಬಬೇಕಿತ್ತು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇನೆ. ಮಾರಿಕಣಿವೆಯ ಗೋಡೆ ಏಳುತ್ತಿದ್ದ ವರ್ಷಗಳಲ್ಲೇ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಒಂದು ತಾಳೆಗರಿಯ ಗ್ರಂಥ ಬಂತು. ಕಳೆದೇ ಹೋಯಿತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ. 1905ರಿಂದ ಅವರು ಅದರ ಅನುವಾದದ ಭಾಗಗಳನ್ನು ಪ್ರಕಟಿಸತೊಡಗಿದರು. 1909ರಲ್ಲಿ ಮೂಲ ಅಚ್ಚಾಯಿತು. ಭಾರತೀಯರಿಗೆ ರಾಜ್ಯಚಿಂತನೆ ಎಂಬುದೇ ಇರಲಿಲ್ಲ ಎನ್ನುತ್ತಿದ್ದವರ ಬಾಯಿ ಅಂದಿಗೆ ಮುಚ್ಚಿತು. ಆ ಗ್ರಂಥದಲ್ಲಿ ಹೊಸ ನಾಡನ್ನು ನೆಲೆಗೊಳಿಸುವ ಅಧ್ಯಾಯವೊಂದಿದೆ. ಅರಸ ಕೆರೆಕಟ್ಟೆ ಕಟ್ಟಿಸಬೇಕು, ಬೇರೆಯವರು ಕಟ್ಟುವುದಾದರೆ ಭೂಮಿ, ದಾರಿ, ಮರಮುಟ್ಟು ಕೊಟ್ಟು ಸಹಾಯ ಮಾಡಬೇಕು. ಊರೆಲ್ಲ ಸೇರಿ ಕಟ್ಟುವಾಗ ಹಿಂದೆ ಸರಿದವನು ತನ್ನ ಆಳನ್ನೂ ಎತ್ತನ್ನೂ ಕಳಿಸಬೇಕು, ಖರ್ಚಿನಲ್ಲಿ ಪಾಲು ಕೊಡಬೇಕು, ಲಾಭದಲ್ಲಿ ಮಾತ್ರ ಅವನಿಗೆ ಪಾಲಿಲ್ಲ ಎಂಬ ಕಟ್ಟುನಿಟ್ಟು ಅಲ್ಲಿದೆ. ಅದರ ಬೆನ್ನಿಗೇ ಕೆರೆಗಳಲ್ಲಿ ಮೂರು ವಸ್ತುಗಳ ಒಡೆತನ ಅರಸನದು ಎಂದು ಹೇಳುತ್ತದೆ. ಒಂದು ಮತ್ಸ್ಯ, ಅಂದರೆ ಮೀನು. ಒಂದು ಹರಿತಪಣ್ಯ, ಮಾರಾಟದ ಸೊಪ್ಪುಸದೆ. ನಡುವಿನದು 'ಪ್ಲವ'.

ಪ್ಲವ ಎಂದರೇನು? ಸಂಸ್ಕೃತದಲ್ಲಿ ತೇಲುವುದೆಲ್ಲ ಪ್ಲವ. ತೆಪ್ಪ, ದೋಣಿಗೂ ಆ ಹೆಸರು ಉಂಟು. ಬಾತುಕೋಳಿಯಂಥ ನೀರುಹಕ್ಕಿಗೂ ಆ ಹೆಸರು ಉಂಟು. ಶಾಮಶಾಸ್ತ್ರಿಗಳು ದೋಣಿ ಎಂದು ತೆಗೆದುಕೊಂಡರು. ಹಕ್ಕಿ ಎಂದು ಓದುವವರೂ ಇದ್ದಾರೆ. ನಿಘಂಟು ತೆರೆದರೆ ಇಬ್ಬರೂ ಸರಿ. ಇದು ಪಂಡಿತರ ಕಾಲಹರಣ ಎಂದು ನಗಬೇಡಿ. ದೋಣಿ ಎಂದಾದರೆ ಕೆರೆ ಎಂದರೆ ದಾಟಬೇಕಾದ, ಸುಂಕ ಎತ್ತಬಹುದಾದ ನೀರು. ಹಕ್ಕಿ ಎಂದಾದರೆ ನಮ್ಮ ಮೊದಲ ರಾಜ್ಯಶಾಸ್ತ್ರ ಗ್ರಂಥಕ್ಕೆ ಕೆರೆಯೊಳಗೆ ಮೀನು, ಹಕ್ಕಿ, ಹಸಿರು ಮೂರೂ ಸೇರಿದ ಒಂದು ಬದುಕು ಇದೆ ಎಂಬುದು ಗೊತ್ತಿತ್ತು ಎಂದಾಯಿತು.

ನನ್ನ ಮನಸ್ಸು ಹಕ್ಕಿಯ ಕಡೆಗಿದೆ. ಮೀನು, ಸೊಪ್ಪು ಎರಡೂ ನೀರಿನಿಂದ ತೆಗೆದು ತಿನ್ನುವಂಥವು. ಅವುಗಳ ನಡುವೆ ದೋಣಿ ಏಕೆ ನುಸುಳಿತು? ಆದರೆ ಎದುರು ಪಕ್ಷವೂ ಬಡವಾಗಿಲ್ಲ. ಅದೇ ಗ್ರಂಥದಲ್ಲಿ ದೋಣಿಗಳಿಗೆಂದೇ ನಾವಧ್ಯಕ್ಷನೆಂಬ ಅಧಿಕಾರಿ ಇದ್ದಾನೆ. ಕೆರೆ ಸರೋವರಗಳ ದೋಣಿಯೂ ಅವನ ಸುಪರ್ದಿಗೆ ಬರುತ್ತದೆ. ದೋಣಿಯ ಹುಟ್ಟುವಳಿ ಅರಸನದು ಎಂಬುದು ಅಲ್ಲಿಗೆ ಸರಿಹೊಂದುತ್ತದೆ. ಈ ವ್ಯಾಜ್ಯವನ್ನು ವೈಯಾಕರಣ ಒಬ್ಬನೇ ತೀರ್ಮಾನಿಸಲಾರ. ಎಂಥ ಕೆರೆಯಲ್ಲಿ ಬಾತುಗಳು ಮಾರುವಷ್ಟು ಸಂಖ್ಯೆಯಲ್ಲಿ ಇಳಿಯುತ್ತವೆ, ಎಂಥ ಕೆರೆಗೆ ದೋಣಿಯ ಅಗತ್ಯ ಬೀಳುತ್ತದೆ ಎಂದು ಹೇಳಲು ನೀರಂಚಿನಲ್ಲಿ ನಿಂತು ಬಲ್ಲ ಜೀವವಿಜ್ಞಾನಿ ಬೇಕು. ನಾಲ್ವರು ವಿದ್ವಾಂಸರನ್ನು ಒಂದೇ ಮೇಜಿಗೆ ಕೂರಿಸಬೇಕು ಎಂದದ್ದು ಇದಕ್ಕೇ.

ಆ ನೀರಂಚಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆರೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಏರಿ, ತೂಬು, ಅದರ ಪಕ್ಕದ ಆಳದ ನೀರು. ಜೀವಗಳು ಹೆಚ್ಚಾಗಿರುವುದು ಅಲ್ಲಲ್ಲ. ಏರಿಗೆ ಎದುರು ದಿಕ್ಕಿನಲ್ಲಿ, ನೆಲ ಮೆಲ್ಲಗೆ ಇಳಿಜಾರಾಗಿ ನೀರಿಗೆ ಸೇರುವ ಅಂಗಳದಲ್ಲಿ. ಅಲ್ಲಿ ಬಿಸಿಲು ತಳದವರೆಗೂ ಹೋಗುತ್ತದೆ, ಆದ್ದರಿಂದ ಪಾಚಿ, ಜೊಂಡು ಬೆಳೆಯುತ್ತವೆ. ಅದರಲ್ಲಿ ಹುಳು, ಶಂಖದ ಹುಳು, ಏರೋಪ್ಲೇನ್ ಚಿಟ್ಟೆಯ ಮರಿಗಳು. ಮೀನು ಮೊಟ್ಟೆ ಇಡುವುದೂ ಅಲ್ಲೇ. ಇವೆಲ್ಲ ಇರುವುದರಿಂದ ಹಕ್ಕಿ. ನೀರು ಏರುವುದು, ಇಳಿಯುವುದು ಈ ಜಾಗಕ್ಕೆ ಕೇಡಲ್ಲ, ಉಸಿರಾಟದಂತೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಂಗಳದಲ್ಲಿ ಹುಲ್ಲು ಬೆಳೆದು ದನ ಮೇಯುತ್ತವೆ, ಅವುಗಳ ಸೆಗಣಿ ಬೀಳುತ್ತದೆ, ಮಳೆಗಾಲದಲ್ಲಿ ಅದೇ ನೀರಿಗೆ ಸಾರವಾಗುತ್ತದೆ. ರೈತರು ಗೋಡು ತೆಗೆದು ಹೊಲಕ್ಕೆ ಹಾಕುವುದೂ ಈ ಲೆಕ್ಕಾಚಾರದಲ್ಲಿ ಸೇರಿದೆ. ಕೆರೆ ಅಭಿವೃದ್ಧಿ ಎಂದು ಸುತ್ತಲೂ ಕಲ್ಲುಕಟ್ಟಡ ಕಟ್ಟಿ, ತಟ್ಟೆಯಂಥ ತಳವನ್ನು ಬಕೆಟ್ಟಿನಂತೆ ಅಗೆದಾಗ ಹಿಡಿಯುವ ನೀರು ಹೆಚ್ಚಾಗಬಹುದು. ಆದರೆ ಆ ಅಂಚು ಹೋಗುತ್ತದೆ.

ಈ ಅಂಚಿಗೆ ಕನ್ನಡದಲ್ಲಿ ಒಳ್ಳೆಯ ಹೆಸರಿಲ್ಲದೆ ಇರುವುದೂ ಒಂದು ತೊಂದರೆ. ಇಂಗ್ಲಿಷಿನ ವೆಟ್‌ಲ್ಯಾಂಡ್ ಅನ್ನು ಮಾತಿಗೆ ಮಾತು ಇಟ್ಟು 'ತರಿ' ಎಂದರೆ ನಮ್ಮ ಶಾನುಭೋಗರ ಲೆಕ್ಕದಲ್ಲಿ ಅದು ಭತ್ತದ ಗದ್ದೆ. 'ಜೌಗುಭೂಮಿ' ಎಂದರೆ ಕಾಲು ಹೂತುಹೋಗುವ ಕೆಟ್ಟ ನೆಲ. ಇನ್ನು ಕಂದಾಯ ಇಲಾಖೆ ಕೆರೆಯ ಜಾಗವನ್ನು ಬರೆದುಕೊಳ್ಳುವುದು ಖರಾಬು ಎಂದು. ಬೇಸಾಯಕ್ಕೆ ಬಾರದ್ದು ಎಂದಷ್ಟೇ ಅದರ ಅರ್ಥ ಎಂದು ಅಧಿಕಾರಿಗಳು ಸಮಾಧಾನ ಹೇಳುತ್ತಾರೆ. ಆದರೂ ನೂರಾರು ವರ್ಷ ಒಂದು ಜಾಗವನ್ನು ಕೆಟ್ಟದ್ದು ಎಂದೇ ಕರೆಯುತ್ತ ಬಂದರೆ, ಅದನ್ನು ಒಳ್ಳೆಯದು ಮಾಡಿಬಿಡೋಣ ಎಂದು ಯಾರಿಗಾದರೂ ಅನ್ನಿಸದೆ ಇರುತ್ತದೆಯೆ? ಬಸ್ ನಿಲ್ದಾಣ, ಸಂತೆ ಮೈದಾನ, ಬಡಾವಣೆಗಳು ಎಷ್ಟೋ ಊರುಗಳಲ್ಲಿ ಬಂದು ಕೂತದ್ದು ಕೆರೆಯಂಗಳದಲ್ಲೇ.

ಹೆಸರಿನ ಈ ಪ್ರಶ್ನೆಗೆ ನಮ್ಮ ನ್ಯಾಯಶಾಸ್ತ್ರದವರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಯಾವುದೇ ವಸ್ತುವಿಗೆ ಲಕ್ಷಣ ಹೇಳುವಾಗ ಮೂರು ದೋಷ ಬರಬಾರದು. ಹಸು ಎಂದರೆ ಕೊಂಬಿರುವುದು ಎಂದರೆ ಎಮ್ಮೆಯೂ ಒಳಗೆ ಬಂತು, ಅದು ಅತಿವ್ಯಾಪ್ತಿ. ಹಸು ಎಂದರೆ ಒಂಟಿ ಗೊರಸಿನದು ಎಂದರೆ ಒಂದು ಹಸುವೂ ಸಿಗದು, ಅದು ಅಸಂಭವ. ಹಸು ಎಂದರೆ ಕಪಿಲೆ, ಕಂದು ಬಣ್ಣದ್ದು ಎಂದರೆ ಬಿಳಿ ಹಸು, ಕರಿ ಹಸು ಹೊರಗುಳಿದವು, ಅದು ಅವ್ಯಾಪ್ತಿ. ಶಾಸನಗಳ ಶಾಪದಲ್ಲಿ ಸಾಯುವ ಅದೇ ಕಪಿಲೆ ತರ್ಕದ ಪಾಠದಲ್ಲೂ ಬಂದು ನಿಂತಿದ್ದಾಳೆ, ಗಮನಿಸಿ.

1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಹಲವು ದೇಶಗಳು ಸೇರಿ ಜೌಗುಭೂಮಿಗಳ ಒಪ್ಪಂದ ಮಾಡಿಕೊಂಡವು. ಸಹಜವಾಗಿರಲಿ ಕೃತಕವಾಗಿರಲಿ, ನೀರು ನಿಲ್ಲಲಿ ಹರಿಯಲಿ, ವರ್ಷವಿಡೀ ಇರಲಿ ಕೆಲವು ತಿಂಗಳೇ ಇರಲಿ, ಎಲ್ಲವನ್ನೂ ಅದು ಒಳಗೆ ತೆಗೆದುಕೊಂಡಿತು. ಭಾರತ ಸರ್ಕಾರ 2010ರಲ್ಲಿ ಮಾಡಿದ ಜೌಗುಭೂಮಿ ನಿಯಮಗಳೂ ಕೆರೆ, ಜಲಾಶಯಗಳನ್ನು ಹೆಸರಿಸಿಯೇ ಒಳಗೆ ಸೇರಿಸಿದ್ದವು. 2011ರಲ್ಲಿ ಇಸ್ರೊ ಸಂಸ್ಥೆಯ ಅಹಮದಾಬಾದಿನ ಕೇಂದ್ರ ಉಪಗ್ರಹದ ಚಿತ್ರಗಳಿಂದ ತಯಾರಿಸಿದ ರಾಷ್ಟ್ರೀಯ ಭೂಪಟದಲ್ಲಿ ಕೆರೆಗಳು, ಅಣೆಕಟ್ಟೆಯ ನೀರುಗಳು ಎಲ್ಲ ಜೌಗುಭೂಮಿಗಳೇ. ಆಮೇಲೆ 2017ರಲ್ಲಿ ಹಳೆಯ ನಿಯಮ ತೆಗೆದು ಹೊಸದು ತಂದರು. ಅದರ ಲಕ್ಷಣವಾಕ್ಯ ರಾಮ್ಸಾರ್‌ನದೇ. ಆದರೆ ಕೊನೆಗೆ ಒಂದು ಬಾಲ ಸೇರಿತು. ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆಂದು ಮನುಷ್ಯರು ಕಟ್ಟಿದ ಕೆರೆ, ನೀರಾವರಿಗೆಂದು ಕಟ್ಟಿದ ರಚನೆ ಇವು ಜೌಗುಭೂಮಿಗಳಲ್ಲ.

ಈಗ ಎಣಿಸಿ ನೋಡಿ. ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲೇ, ಈ ಸಂಸ್ಥಾನದ ಸುಮಾರು ಶೇಕಡಾ 60ರಷ್ಟು ನೆಲ ಕೆರೆಗಳ ಸರಣಿಯೊಳಗೆ ಬಂದಿದೆ ಎಂದು ಬರೆದಿದ್ದ. ಬಯಲುಸೀಮೆಯಲ್ಲಿ ಮನುಷ್ಯ ಕಟ್ಟದ, ನೀರಾವರಿಗಲ್ಲದ, ಕುಡಿಯುವುದಕ್ಕಲ್ಲದ ಕೆರೆ ಎಲ್ಲಿದೆ? ಮಯೂರಶರ್ಮನ ತಟಾಕ ಹೊರಗೆ. ವೇದಾ ನದಿಯ ನೀರು ಕೂಡುವ ಸಖರಾಯಪಟ್ಟಣದ ಅಯ್ಯನಕೆರೆ ಹೊರಗೆ. ಮಾರಿಕಣಿವೆ ಹೊರಗೆ. ಬಿಳಿ ಹಸು, ಕರಿ ಹಸು ಎಲ್ಲ ಹೊರಗೆ ಹೋಗಿ ಕಪಿಲೆ ಒಂದೇ ಉಳಿದಂತಾಯಿತು. ನೀರಾವರಿ ಇಲಾಖೆಯ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗಬಾರದು ಎಂಬ ಕಾರಣ ಇದ್ದೀತು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೆರೆಗಳಿಗೆ ರಾಜ್ಯದ ಬೇರೆ ಕಾನೂನುಗಳೂ ಇವೆ. ಆದರೆ ಅವು ಕೆರೆಯನ್ನು ನೀರಿನ ಪಾತ್ರೆಯಾಗಿ, ಆಸ್ತಿಯಾಗಿ ಕಾಣುತ್ತವೆ. ಅದರ ಹಕ್ಕಿ, ಜೊಂಡು, ಅಂಗಳದ ಉಸಿರಾಟ ಅವುಗಳ ಕಣ್ಣಿಗೆ ಬೀಳುವುದು ಕಡಿಮೆ.

ತಮಾಷೆ ಏನೆಂದರೆ, 2024ರಲ್ಲಿ ಕರ್ನಾಟಕದ ಮೂರು ಜಾಗಗಳು ರಾಮ್ಸಾರ್ ಪಟ್ಟಿಗೆ ಸೇರಿದವು. ಒಂದು ಅಘನಾಶಿನಿಯ ಅಳಿವೆ. ಉಳಿದೆರಡು ಯಾವುವು? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ. ಎರಡೂ ಹಿಂದಿನವರು ನೀರಾವರಿಗೆಂದು ಕಟ್ಟಿದ ಕೆರೆಗಳೇ! ಮಾಗಡಿಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆರೆಯಲ್ಲಿ ವಿಶ್ರಾಂತಿ, ಸುತ್ತಲ ಹೊಲಗಳಲ್ಲಿ ಊಟ. ಅಂಕಸಮುದ್ರದಲ್ಲಿ ಕೆರೆಯೊಳಗಿನ ಜಾಲಿ ಮರಗಳ ಮೇಲೆ ನೂರಾರು ಗೂಡು. 2022ರಲ್ಲೇ ಆ ಪಟ್ಟಿಗೆ ಸೇರಿದ ರಂಗನತಿಟ್ಟಿನ ನಡುಗಡ್ಡೆಗಳು ಕೂಡ ಕಾವೇರಿಗೆ ಅರಸರು ಹಾಕಿದ ಒಡ್ಡಿನಿಂದಾಗಿ ಮೂಡಿದವು. ನಾವು ನಮ್ಮ ನಿಯಮದಲ್ಲಿ ಹೊರಗಿಟ್ಟ ಜಾತಿಯ ಕೆರೆಯನ್ನೇ ಜಗತ್ತಿಗೆ ತೋರಿಸಿ ಪ್ರಶಸ್ತಿ ಪತ್ರ ತಂದೆವು. ಹೆಸರು ಬಂದ ಎರಡಕ್ಕೆ ರಕ್ಷಣೆ ಬಂತು, ಸಂತೋಷ. ಹೆಸರು ಬರದ ಸಾವಿರಾರು ಕೆರೆಗಳ ಹಕ್ಕಿಗಳಿಗೆ ಈ ಪಟ್ಟಿಯನ್ನು ಓದಿ ಹೇಳುವವರು ಯಾರು?

ಹಿರಿಯೂರಿನಲ್ಲಿ ನಿಂತು ಇನ್ನೊಂದು ಶಾಸನ ನೆನೆಯದೆ ಹೋಗಬಾರದು. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ್ದು. ಅದನ್ನು ಸಂಪಾದಿಸಿದವರು, ಮುಂದೆ ಮಹಾಭಾರತದ ಪರಿಷ್ಕೃತ ಆವೃತ್ತಿಗೆ ಹೆಸರಾದ ವಿ. ಎಸ್. ಸುಕ್ತಂಕರ್. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳು ಬೇಕು, ಆರು ದೋಷಗಳು ಇರಬಾರದು ಎಂದು ಆ ಶಾಸನ ಪಟ್ಟಿ ಕೊಡುತ್ತದೆ. ಸಾಧನಗಳಲ್ಲಿ ಮೊದಲನೆಯದು ಧರ್ಮವಂತನಾದ ಅರಸ. ಆಮೇಲೆ ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿ ಮಣ್ಣಿನ ನೆಲ, ಸಿಹಿನೀರಿನ ಹೊಳೆ, ಒಡ್ಡಿಗೆ ಒರಗಲು ಗುಡ್ಡ, ಹತ್ತಿರದಲ್ಲೇ ಕಲ್ಲುಗಣಿ, ಕೊನೆಗೆ ಕೆಲಸ ಬಲ್ಲ ಆಳುಗಳ ತಂಡ. ಧರ್ಮ, ರಾಜ್ಯ, ವಿದ್ಯೆ, ಭೂಮಿ, ದುಡಿಮೆ ಎಲ್ಲವೂ ಒಂದೇ ಪಟ್ಟಿಯಲ್ಲಿ, ಬೇರೆ ಬೇರೆ ಇಲಾಖೆಗಳಿಗೆ ಹಂಚದೆ! ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕವೂ ಇದೆ.

ದೋಷಗಳಲ್ಲಿ ಎರಡನ್ನು ಕೇಳಿದರೆ ನಿಮಗೆ ಮಾರಿಕಣಿವೆ ನೆನಪಾಗಬೇಕು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು ಎಂಬುದು ಒಂದು. ಮಾರಿಕಣಿವೆ ಗಡಿಯ ಮೇಲೆ ಇಲ್ಲ, ಆದರೆ ವೇದಾವತಿ ಮುಂದೆ ಹಗರಿಯಾಗಿ ಹರಿಯುವುದು ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯ ಕಡೆಗೆ. ಮೈಸೂರು ಮತ್ತು ಮದರಾಸು 1892ರಲ್ಲಿ ಹೊಳೆಗಳ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆಯೇ ಇಲ್ಲಿ ಗೋಡೆ ಎದ್ದಿತು. ಇನ್ನೊಂದು ದೋಷ, ನೀರು ಸ್ವಲ್ಪ, ನೀರುಣಬೇಕಾದ ನೆಲ ಬಹಳ. 1933ಕ್ಕೂ 2022ಕ್ಕೂ ನಡುವಿನ 89 ವರ್ಷಗಳನ್ನು, ಭದ್ರೆಯ ನೀರು ಬೇಕೆಂದು ಇಲ್ಲಿಯ ರೈತರು ಕೂತ ಧರಣಿಗಳನ್ನು, ಒಣಗಿ ನಿಂತ ತೆಂಗಿನ ತೋಟಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕಟ್ಟಿದವರು ಪೆದ್ದರಾಗಿರಲಿಲ್ಲ. 1876–78ರ ಭೀಕರ ಬರ ಅವರ ಕಣ್ಣಮುಂದೆ ಇತ್ತು. ದೊಡ್ಡ ಮಳೆಯ ಒಂದು ವರ್ಷದ ನೀರನ್ನು ಹಿಡಿದು ಹಲವು ವರ್ಷ ಉಣ್ಣುವ ಯೋಚನೆ ಅದು. ಆ 30 ಟಿಎಂಸಿ ಪಾತ್ರೆ ತುಂಬಬೇಕಾದರೆ ಮೇಲೆ ಕಡೂರು, ತರೀಕೆರೆ, ಹೊಸದುರ್ಗಗಳ ನೂರಾರು ಸಣ್ಣ ಕೆರೆಗಳು ಮೊದಲು ತುಂಬಿ ಕೋಡಿ ಬೀಳಬೇಕು. ಮೇಲಿನ ಊರಿನ ಪುಣ್ಯ ಕೆಳಗಿನ ಊರಿನ ಬರ ಆಗುವುದು ಹೀಗೆ. ಪೋರುಮಾಮಿಳ್ಳದ ಪಟ್ಟಿಯಲ್ಲಿ ಈ ಒಂದು ದೋಷಕ್ಕೆ ಹೆಸರಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಕೂರುತ್ತೇನೆ. ನಿಮ್ಮ ನಿಮ್ಮ ಊರಿನ ಕೆರೆಗೆ ಹೋಗಿ. ನೀರುಗಂಟಿ ಮನೆತನದ ಹಿರಿಯರು ಇದ್ದರೆ ಮೊದಲು ಅವರನ್ನು ಮಾತನಾಡಿಸಿ. ತೂಬು ಎತ್ತುವ ಮುಂಚೆ ಪೂಜೆ ಯಾರಿಗೆ, ಕೊನೆಯ ಗದ್ದೆಗೆ ನೀರು ಯಾವ ಕ್ರಮದಲ್ಲಿ ಎಂದು ಕೇಳಿ ಬರೆದುಕೊಳ್ಳಿ. ಏರಿಯ ಮೇಲೆ ಕಲ್ಲು ಇದ್ದರೆ, ಅದರಲ್ಲಿ ಅಕ್ಷರ ಇದೆಯೇ ನೋಡಿ. ತಾಲ್ಲೂಕು ಕಚೇರಿಯಲ್ಲಿ ಅದರ ಸರ್ವೆ ನಂಬರು, ವಿಸ್ತೀರ್ಣ ತೆಗೆಸಿ; ಕಾಗದದ ಕೆರೆಗೂ ನೆಲದ ಕೆರೆಗೂ ಎಷ್ಟು ವ್ಯತ್ಯಾಸ ಎಂದು ಅಳೆಯಿರಿ. ಆಮೇಲೆ ಜನವರಿಯಲ್ಲಿ ಒಂದು ದಿನ, ಬೆಳಿಗ್ಗೆ ಆರೂವರೆಗೆ, ಏರಿಯ ಕಡೆ ಬಿಟ್ಟು ಅಂಗಳದ ಕಡೆಯಿಂದ ಹೋಗಿ. ಸದ್ದು ಮಾಡಬೇಡಿ. ನಾಮದಕೋಳಿಗಳು, ಬಾತುಗಳು ಎಷ್ಟಿವೆ ಎಣಿಸಿ. ದೋಣಿ ಕಂಡರೆ ಅದನ್ನೂ ಬರೆದುಕೊಳ್ಳಿ. ಶಾಮಶಾಸ್ತ್ರಿಗಳಿಗೂ ಒಂದು ಅವಕಾಶ ಕೊಡೋಣ.